ಜೆಲ್ ಅಲರ್ಜಿಯ ಕೈಗೆ ನೈಟ್ರೈಲ್ ಗ್ಲೌಸ್: 14 ತಿಂಗಳು ಬಳಸಿದ ಮೇಲೆ

ಬಳ್ಳಾರಿಯ ಗಾಂಧಿನಗರದಲ್ಲಿ ನಮ್ಮದು ಎರಡು ಕುರ್ಚಿಯ ನೇಲ್ ಪಾರ್ಲರ್. ಲ್ಯಾಂಪಿನ ಬೆಳಕಿನಲ್ಲಿ ಗಟ್ಟಿಯಾಗುವ ಜೆಲ್ ಪಾಲಿಶ್, ಉಗುರು ಉದ್ದ ಮಾಡುವ ಎಕ್ಸ್‌ಟೆನ್ಶನ್ ಎರಡೂ ಮಾಡುತ್ತೇನೆ. ಮೊದಲ ಮೂರು ವರ್ಷ ಬರಿಗೈಯಲ್ಲೇ ಮಾಡಿದೆ. ಆಮೇಲೆ ಹೆಬ್ಬೆರಳು, ತೋರುಬೆರಳ ತುದಿಯಲ್ಲಿ ತುರಿಕೆ ಶುರುವಾಯಿತು. ಉಗುರಿನ ಪಕ್ಕ ಚರ್ಮ ಸೀಳಿತು. ಮೆಣಸಿನಕಾಯಿ ಹೆಚ್ಚಲು ಆಗುತ್ತಿರಲಿಲ್ಲ. ಒಂದು ಬೆಳಗ್ಗೆ ನೋಡಿದರೆ ಕಣ್ಣಿನ ರೆಪ್ಪೆಯೂ ಊದಿಕೊಂಡಿತ್ತು.

ಯಾವುದಕ್ಕೆ ಅಲರ್ಜಿ ಅಂತ ತಿಳಿಯಲು ಚರ್ಮದ ಡಾಕ್ಟರು ಬೆನ್ನಿಗೆ ಪ್ಯಾಚ್ ಟೆಸ್ಟ್ ಪಟ್ಟಿ ಹಚ್ಚಿದರು. ನೀರು ಸೋಕಿಸುವಂತಿಲ್ಲ, ಬೆವರುವಂತಿಲ್ಲ. 48 ಗಂಟೆಗೆ ಪಟ್ಟಿ ತೆಗೆದು ನೋಡಿದರು, ನಾಲ್ಕನೇ ದಿನ ಮತ್ತೆ ನೋಡಿದರು. 'ಹೆಮಾ' ಹಚ್ಚಿದ ಜಾಗ ಕೆಂಪಗೆ ಉಬ್ಬಿತ್ತು. ಅದು ಎಷ್ಟೋ ಜೆಲ್‌ಗಳಲ್ಲಿ ಇರುವ ಒಂದು ರಾಸಾಯನಿಕ, ಮೆಥಾಕ್ರಿಲೇಟ್ ಜಾತಿಯದು. "ಇದು ಒಮ್ಮೆ ಬಂದರೆ ಸಾಮಾನ್ಯವಾಗಿ ಹೋಗಲ್ಲಮ್ಮ, ಮುಟ್ಟದೆ ಇರೋದೇ ಔಷಧಿ" ಅಂದರು. ಕೆಲಸ ಬಿಟ್ಟರೆ ಒಳ್ಳೆಯದು ಅಂತಲೂ ಹೇಳಿದರು. ಮನೆ ನಡೆಯುವುದೇ ಇದರಿಂದ, ಬಿಡಲಿಕ್ಕಾಗಲಿಲ್ಲ.

ಮೊದಲು ಮೆಡಿಕಲ್ ಶಾಪಿನ ಬಿಳಿ ಲ್ಯಾಟೆಕ್ಸ್ ಗ್ಲೌಸ್ ಹಾಕಿದೆ. ಎರಡೇ ವಾರಕ್ಕೆ ಮತ್ತೆ ಕೆರೆತ. ಆಮೇಲೆ ಪೌಡರ್ ಇಲ್ಲದ, ಸ್ವಲ್ಪ ದಪ್ಪನೆಯ ನೈಟ್ರೈಲ್ (ಕೃತಕ ರಬ್ಬರ್) ಗ್ಲೌಸ್ ತರಿಸಿದೆ. ಈಗ 14 ತಿಂಗಳಾಯಿತು. ಬೆರಳು ಮುಕ್ಕಾಲು ಪಾಲು ವಾಸಿಯಾಗಿದೆ. ಆದರೆ ಗ್ಲೌಸ್ ಹಾಕಿಕೊಂಡ ಮಾತ್ರಕ್ಕೆ ಆಯಿತು ಅಂದುಕೊಳ್ಳಬೇಡಿ. ಹಸಿ ಜೆಲ್ ನೈಟ್ರೈಲ್ ಅನ್ನೂ ದಾಟಿ ಒಳಗೆ ಹೋಗುತ್ತದೆ, ಅದೂ ನಿಮಿಷಗಳಲ್ಲಿ. ತೂತು ಬೀಳಬೇಕಂತಲೇ ಇಲ್ಲ, ಹೊರಗೆ ಏನೂ ಕಾಣುವುದಿಲ್ಲ.

ಇದು ಗೊತ್ತಾಗುವ ಮುಂಚೆ ನಾನು ಒಂದೇ ಜೊತೆಯಲ್ಲಿ ಇಡೀ ಎಕ್ಸ್‌ಟೆನ್ಶನ್ ಮುಗಿಸುತ್ತಿದ್ದೆ, ಎರಡು ಗಂಟೆ. ವಾಸಿಯಾಗುತ್ತಿದ್ದ ಬೆರಳು ಮತ್ತೆ ಸೀಳಿದ್ದು ಆಗಲೇ. ಈಗ ಬೆರಳಿಗೆ ಜೆಲ್ ತಾಗಿದರೆ ಆ ಕ್ಷಣವೇ ತೆಗೆದು ಬಿಸಾಡುತ್ತೇನೆ. ತಾಗದಿದ್ದರೂ ಅರ್ಧ ಗಂಟೆಗೊಮ್ಮೆ ಬದಲು. ತೆಗೆಯುವಾಗ ಮಣಿಕಟ್ಟಿನಿಂದ ಒಳಮಗ್ಗುಲು ಹೊರಗೆ ಬರುವ ಹಾಗೆ ಸುಲಿಯಬೇಕು, ಇಲ್ಲದಿದ್ದರೆ ಹೊರಗಿನ ಜೆಲ್ಲೇ ಕೈಗೆ ಮೆತ್ತುತ್ತದೆ.

ಲ್ಯಾಂಪಿನಿಂದ ತೆಗೆದ ಮೇಲೆ ಉಗುರಿನ ಮೇಲೆ ಒಂದು ಅಂಟಂಟು ಪದರ ಉಳಿಯುತ್ತದಲ್ವಾ, ಅದು ಪೂರ್ತಿ ಗಟ್ಟಿಯಾಗದ ಜೆಲ್. ಒರೆಸಿದ ಹತ್ತಿಯನ್ನು ನಾನು ಮುಷ್ಟಿಯಲ್ಲೇ ಹಿಡಿದು ಮುಂದಿನ ಬೆರಳಿಗೆ ಹೋಗುತ್ತಿದ್ದೆ. ಜಾಸ್ತಿ ಕೆಟ್ಟದ್ದು ಮಾಡಿದ್ದು ಆ ಅಭ್ಯಾಸವೇ ಅಂತ ನನಗೆ ಈಗ ಅನಿಸುತ್ತದೆ. ಈಗ ಚಿಮಟದಲ್ಲಿ ಹಿಡಿಯುತ್ತೇನೆ.

ಹಳೆ ಪಾಲಿಶ್ ತೆಗೆಯುವ ಅಸಿಟೋನ್ ಕೆಲಸಕ್ಕೆ ಈ ಗ್ಲೌಸ್ ಆಗುವುದಿಲ್ಲ. ಗ್ಲೌಸಿನ ಬೆರಳ ತುದಿ ಉಬ್ಬಿ ಮೆತ್ತಗಾಗಿ ಜೋಲುತ್ತದೆ.

ಇನ್ನು ಬೆವರು. ಏಪ್ರಿಲ್, ಮೇ ಬಿಸಿಲು ಬಳ್ಳಾರಿಯವರಿಗೆ ಹೇಳಬೇಕಾಗಿಲ್ಲ, 40 ಡಿಗ್ರಿ ದಾಟುತ್ತದೆ. ಕರೆಂಟ್ ಹೋದರೆ ಗ್ಲೌಸ್ ಒಳಗೆ ನೀರು ನಿಲ್ಲುತ್ತದೆ, ಒದ್ದೆ ಚರ್ಮ ಬೇಗ ಬಿರಿಯುತ್ತದೆ. ಒಳಗೆ ತೆಳು ಹತ್ತಿ ಗ್ಲೌಸ್ ಹಾಕಿದರೆ ಎಷ್ಟೋ ಆರಾಮ, ಆದರೆ ಬ್ರಶ್ಶಿನ ಹಿಡಿತ ಸಿಗಲು ನನಗೆ ಒಂದು ತಿಂಗಳೇ ಬೇಕಾಯಿತು. ಸೈಜ್ ಮಾತ್ರ ಸರಿಯಾಗಿ ನೋಡಿ. ಸಡಿಲವಾದರೆ ತುದಿ ಮಡಚಿ ಜೆಲ್ಲಿಗೆ ಅದ್ದುತ್ತದೆ.

ಖರ್ಚು ಚಿಕ್ಕದಲ್ಲ. ದಿನಕ್ಕೆ ಆರು ಗಿರಾಕಿ, ಒಬ್ಬರಿಗೆ ಎರಡು ಜೊತೆ ಅಂದರೂ 24 ಗ್ಲೌಸ್. 100ರ ಡಬ್ಬಿ ನಾಲ್ಕು ದಿನಕ್ಕೆ ಖಾಲಿ. ನಾನು ಪ್ರತಿ ಗಿರಾಕಿಗೆ 20 ರೂಪಾಯಿ ಏರಿಸಿದೆ. ಕಾರಣ ಹೇಳಿದಾಗ ಯಾರೂ ಬೇಡ ಅನ್ನಲಿಲ್ಲ.

'ಹೆಮಾ ಇಲ್ಲದ' ಜೆಲ್ ತಂದೂ ನೋಡಿದೆ. ಅದರಲ್ಲಿ ಹೆಮಾದ ಹತ್ತಿರದ ಸಂಬಂಧಿಗಳಾದ ಬೇರೆ ಅಕ್ರಿಲೇಟ್‌ಗಳು ಇರುತ್ತವೆ, ನನ್ನ ಬೆರಳಿಗೆ ಅದೂ ಒಗ್ಗಲಿಲ್ಲ. ಗ್ಲೌಸ್ ಬಿಡುವಂತಿಲ್ಲ. ಉಗುರು ಉಜ್ಜುವಾಗ ಗಾಳಿಯಲ್ಲಿ ಹಾರುವ ಫೈಲಿಂಗ್ ಧೂಳಿಗೆ ಗ್ಲೌಸ್ ಏನೂ ಮಾಡಲ್ಲ, ಅದಕ್ಕೆ ಧೂಳು ಎಳೆಯುವ ಮಷೀನ್ ಮೇಜಿನ ಮೇಲಿಟ್ಟೆ. ರೆಪ್ಪೆ ಊದುವುದು ನಿಂತಿದೆ.

ಈ ಗ್ಲೌಸಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಇದೇ ಅಲರ್ಜಿ ಇರುವವರು ಇನ್ನೊಂದು ಗಮನದಲ್ಲಿಡಿ: ಹಲ್ಲಿಗೆ ತುಂಬುವ ಬಿಳಿ ಸಿಮೆಂಟಿನಲ್ಲೂ ಇದೇ ಜಾತಿಯ ಮೆಥಾಕ್ರಿಲೇಟ್ ಇರುತ್ತದೆ. ಹೋದ ತಿಂಗಳು ಹಲ್ಲಿನ ಡಾಕ್ಟರ ಹತ್ತಿರ ಕುಳಿತ ಕೂಡಲೇ ಪ್ಯಾಚ್ ಟೆಸ್ಟಿನ ಚೀಟಿ ತೋರಿಸಿದೆ. ಅವರು ಅದನ್ನು ನನ್ನ ಕಾರ್ಡಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆದುಕೊಂಡರು.