ಈ ಸರ್ವರ್ ಯಾವುದು ಅಂತ ಯಾರನ್ನು ಕೇಳಬೇಕು? ಡಿಎಂಐಡಿಕೋಡ್, ಸಿಸ್‌ಎಫ್‌ಎಸ್, ಎಲ್‌ಎಸ್‌ಬ್ಲಾಕ್ ಹೋಲಿಕೆ

ಲಿನಕ್ಸ್ ಸರ್ವರ್‌ಗಳನ್ನು ಸಾಲಾಗಿ ಇನ್‌ಸ್ಟಾಲ್ ಮಾಡುವ ಸ್ಕ್ರಿಪ್ಟ್ ಬರೆದವರಿಗೆ ಗೊತ್ತು, ಶುರುವಿನಲ್ಲೇ ಒಂದು ಪ್ರಶ್ನೆ ಬರುತ್ತದೆ: ನಾನೀಗ ಯಾವ ಮಶೀನ್ ಮೇಲಿದ್ದೇನೆ? ಡೆಲ್ ಪವರ್‌ಎಡ್ಜಾ, ಎಚ್‌ಪಿಇ ಪ್ರೊಲಯಂಟಾ, ಇಲ್ಲಾ ಸುಮ್ನೆ ಒಂದು ವರ್ಚುವಲ್ ಮಶೀನಾ? ಇದನ್ನು ತಿಳಿಯುವ ದಾರಿಗಳನ್ನೆಲ್ಲ ನಾನು ಕೆಲಸದಲ್ಲಿ ಬಳಸಿ ನೋಡಿದ್ದೇನೆ.

ಬಹಳ ದಿನ ನಂಬಿಕೊಂಡಿದ್ದು ಡಿಎಂಐಡಿಕೋಡ್ ಅನ್ನುವ ಕಮಾಂಡನ್ನು. ಬಯೋಸ್ (ಮಶೀನ್ ಶುರುವಾಗುವಾಗ ಮೊದಲು ಓಡುವ ಸಾಫ್ಟ್‌ವೇರ್) ಇಟ್ಟಿರುವ ಎಸ್‌ಎಂಬಯೋಸ್ ಟೇಬಲನ್ನು, ಅಂದರೆ ಹಾರ್ಡ್‌ವೇರ್ ವಿವರಗಳ ಪಟ್ಟಿಯನ್ನು, ಇದು ಓದುತ್ತದೆ. ಯಾವ ಸ್ಲಾಟ್‌ನಲ್ಲಿ ಎಷ್ಟು ಜಿಬಿ ರ‍್ಯಾಮ್, ಅದರ ಸ್ಪೀಡ್ ಎಷ್ಟು, ಪಾರ್ಟ್ ನಂಬರ್ ಏನು ಅಂತ ಇದರಷ್ಟು ಚೆನ್ನಾಗಿ ಹೇಳುವುದು ಬೇರೆ ಇಲ್ಲ. ಆದರೆ ರೂಟ್ (ಅಡ್ಮಿನ್ ಅಧಿಕಾರ) ಬೇಕು, ಇದರ ಪ್ಯಾಕೇಜ್ ಮೊದಲೇ ಇನ್‌ಸ್ಟಾಲ್ ಆಗಿರಬೇಕು. ಒಂದು ಸಲ ಹೊಸ ಸರ್ವರ್ ಬಂತು, ನಮ್ಮ ಇಮೇಜ್‌ನಲ್ಲಿದ್ದ ಡಿಎಂಐಡಿಕೋಡ್ ಹಳೆಯದು. ಸೀರಿಯಲ್ ನಂಬರ್ ಕೇಳಿದರೆ ಮೊದಲು ಹ್ಯಾಶ್ ಚಿಹ್ನೆಯ ಒಂದು ಸಾಲು ಬಂತು: ಈ ಎಸ್‌ಎಂಬಯೋಸ್ ಆವೃತ್ತಿಗೆ ಪೂರ್ತಿ ಬೆಂಬಲ ಇಲ್ಲ ಅಂತ. ಸೀರಿಯಲ್ ನಂಬರ್ ಅದರ ಕೆಳಗಿತ್ತು. ಸ್ಕ್ರಿಪ್ಟ್ ಮೊದಲ ಸಾಲನ್ನೇ ಎತ್ತಿಕೊಂಡು ಹೋಸ್ಟ್‌ನೇಮ್ (ಸರ್ವರ್‌ನ ಹೆಸರು) ಮಾಡಲು ಹೋಯಿತು. ಅದನ್ನು ಹುಡುಕುವುದರಲ್ಲೇ ಒಂದು ಮಧ್ಯಾಹ್ನ ಕಳೆಯಿತು.

ಈಗ ಮಾಡೆಲ್ ಹೆಸರಿಗೆ ನೇರ ಸಿಸ್‌ಎಫ್‌ಎಸ್ ಓದುತ್ತೇನೆ, ಅಂದರೆ ಕರ್ನಲ್ (ಲಿನಕ್ಸ್‌ನ ತಿರುಳು) ಹಾರ್ಡ್‌ವೇರ್ ವಿವರಗಳನ್ನು ಫೈಲುಗಳಾಗಿ ತೋರಿಸುವ ಜಾಗ. ಕರ್ನಲ್ ಇದೇ ಮಾಹಿತಿಯ ಒಂದು ಭಾಗವನ್ನು /ಸಿಸ್/ಕ್ಲಾಸ್/ಡಿಎಂಐ/ಐಡಿ ಒಳಗೆ ಒಂದೊಂದು ಫೈಲಾಗಿ ಇಟ್ಟಿರುತ್ತದೆ. ಫೈಲ್ ಓದುವ ಕ್ಯಾಟ್ ಕಮಾಂಡ್ ಒಂದಿದ್ದರೆ ಸಾಕು. ತಯಾರಕರ ಹೆಸರು, ಮಾಡೆಲ್ ಯಾರು ಬೇಕಾದರೂ ಓದಬಹುದು; ಸೀರಿಯಲ್ ನಂಬರ್, ಯುಯುಐಡಿಗೆ (ಪ್ರತಿ ಮಶೀನಿನ ಪ್ರತ್ಯೇಕ ಗುರುತು) ಮಾತ್ರ ರೂಟ್ ಬೇಕು. ಆದರೆ ಬಯೋಸ್‌ನಲ್ಲಿ ಏನು ಬರೆದಿದೆಯೋ ಅದೇ ಇಲ್ಲೂ ಬರುತ್ತದೆ. ಜೋಡಿಸಿದ ಮಶೀನುಗಳಲ್ಲಿ ಎಷ್ಟೋ ಸಲ 'ಟು ಬಿ ಫಿಲ್ಡ್ ಬೈ ಓಇಎಂ' ಅಂತ ಕಾಣುತ್ತದೆ, ಅಂದರೆ ತುಂಬಬೇಕಾದ ತಯಾರಕರು ತುಂಬಿಲ್ಲ. ಪ್ರೊಲಯಂಟ್ ಜೆನ್9 ತಯಾರಕರ ಹೆಸರನ್ನು ಎಚ್‌ಪಿ ಅನ್ನುತ್ತದೆ, ಜೆನ್10 ಎಚ್‌ಪಿಇ ಅನ್ನುತ್ತದೆ. ಲೆನೊವೊ ಥಿಂಕ್‌ಸಿಸ್ಟಮ್‌ಗಳಲ್ಲಿ ಮಾಡೆಲ್ ಹೆಸರಿನ ಕೊನೆಗೆ ಮಶೀನ್ ಟೈಪ್ ಕೋಡ್ ಅಂಟಿಕೊಂಡಿರುತ್ತದೆ. ಹಾಗಾಗಿ ಪೂರ್ತಿ ಹೆಸರು ಸಮ ಇದೆಯಾ ಅಂತ ನೋಡಬೇಡಿ, ಶುರುವಿನ ಭಾಗ ಹೊಂದುತ್ತದೆಯಾ ನೋಡಿ.

ಎಲ್‌ಎಸ್‌ಎಚ್‌ಡಬ್ಲ್ಯೂ ಅನ್ನುವ ಇನ್ನೊಂದು ಕಮಾಂಡ್, ಕೇಳಿದರೆ, ಹಾರ್ಡ್‌ವೇರ್ ವಿವರ ಎಲ್ಲವನ್ನೂ ಜೇಸನ್‌ನಲ್ಲಿ (ಪ್ರೋಗ್ರಾಂಗಳು ಸುಲಭವಾಗಿ ಓದುವ ರೂಪ) ಕೊಡುತ್ತದೆ, ದಾಸ್ತಾನು ಪಟ್ಟಿಗೆ ಒಳ್ಳೆಯದು. ಇನ್‌ಸ್ಟಾಲ್ ಸ್ಕ್ರಿಪ್ಟ್‌ಗೆ ನಿಧಾನ.

ವರ್ಚುವಲ್ ಮಶೀನಾ ಅಂತ ತಿಳಿಯಲು ಸಿಸ್ಟಮ್‌ಡಿ-ಡಿಟೆಕ್ಟ್-ವರ್ಟ್ ಕಮಾಂಡ್ ಸಾಕು. ಒಂದು ಎಚ್ಚರ: ನಿಜವಾದ ಸರ್ವರ್ ಮೇಲೆ ಇದು 'ನನ್' (ಯಾವುದೂ ಅಲ್ಲ) ಅಂತ ಬರೆದು, ಎಕ್ಸಿಟ್ ಕೋಡ್ ಸೊನ್ನೆಯಲ್ಲದ್ದನ್ನು ಕೊಡುತ್ತದೆ, ಅಂದರೆ ಕಮಾಂಡ್ ಸೋತ ಲೆಕ್ಕ. ಸ್ಕ್ರಿಪ್ಟ್‌ನಲ್ಲಿ ಸೆಟ್ -ಇ (ಕಮಾಂಡ್ ಸೋತರೆ ನಿಲ್ಲು ಅನ್ನುವ ಆಯ್ಕೆ) ಇದ್ದರೆ ಅಲ್ಲೇ ನಿಂತುಬಿಡುತ್ತದೆ.

ಡಿಸ್ಕ್ ವಿಷಯಕ್ಕೆ ಬಂದರೆ ಮಾಡೆಲ್ ಹೆಸರು ಏನೂ ಉಪಯೋಗಕ್ಕೆ ಬರುವುದಿಲ್ಲ. ಹಿಂದೆ ನನ್ನ ಸ್ಕ್ರಿಪ್ಟ್‌ನಲ್ಲಿ ಹೀಗಿತ್ತು: ಈ ಮಾಡೆಲ್ ಆದರೆ ಓಎಸ್ ಅನ್ನು ಎಸ್‌ಡಿಎ ಅನ್ನುವ ಡಿಸ್ಕ್‌ಗೆ ಹಾಕು. ಒಂದು ದಿನ ರೀಬೂಟ್ ಆದಾಗ ಚಿಕ್ಕ ಎಸ್‌ಎಸ್‌ಡಿ ಬದಲು 4 ಟಿಬಿ ಡೇಟಾ ಡಿಸ್ಕ್ ಎಸ್‌ಡಿಎ ಆಗಿ ಬಂತು. ಸ್ಕ್ರಿಪ್ಟ್ ಅದನ್ನೇ ಅಳಿಸಿತು. ಬ್ಯಾಕಪ್ ಎರಡು ದಿನ ಹಳೆಯದು. ಆ ಎರಡು ದಿನದ ಕೆಲಸವನ್ನು ಸಹೋದ್ಯೋಗಿಗಳು ಮತ್ತೆ ಕೂತು ಮಾಡಿದರು. ನನಗೆ ಇವತ್ತಿಗೂ ಅದು ನೋವು. ಎಸ್‌ಡಿಎ, ಎಸ್‌ಡಿಬಿ ಅನ್ನುವುದು ಕರ್ನಲ್‌ಗೆ ಡಿಸ್ಕ್ ಸಿಕ್ಕ ಕ್ರಮ ಅಷ್ಟೇ, ಪ್ರತಿ ಸಲ ಅದೇ ಇರುತ್ತದೆ ಅನ್ನುವ ಭರವಸೆ ಇಲ್ಲ.

ಈಗ ಡಿಸ್ಕ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಬ್ಲಾಕ್ ಕಮಾಂಡ್‌ನಿಂದ ಸೈಜ್, ಸೀರಿಯಲ್, ಟ್ರಾನ್ (ಡಿಸ್ಕ್ ಯಾವ ದಾರಿಯಲ್ಲಿ ಜೋಡಿಸಿದೆ ಅನ್ನುವುದು) ಮೂರು ಕಾಲಂ ಕೇಳುತ್ತೇನೆ. ಟ್ರಾನ್‌ನಲ್ಲಿ ಯುಎಸ್‌ಬಿ ಅಂತಿದ್ದರೆ ಬಿಡುತ್ತೇನೆ. ಪೆನ್‌ಡ್ರೈವ್ ಅಲ್ಲೇ ಸಿಕ್ಕಿಬೀಳುತ್ತದೆ. ಸೈಜ್ ಬೈಟ್‌ಗಳಲ್ಲೇ ತೆಗೆದುಕೊಳ್ಳುತ್ತೇನೆ. ಆರಿಸಿದ ಡಿಸ್ಕನ್ನು, ರೀಬೂಟ್ ಆದರೂ ಬದಲಾಗದ /ಡೆವ್/ಡಿಸ್ಕ್/ಬೈ-ಐಡಿ ಹೆಸರಿನಿಂದಲೇ ಮುಂದಕ್ಕೆ ಕೊಡುತ್ತೇನೆ. ನಾನು ಹುಡುಕುವುದಕ್ಕೆ ಎರಡು ಡಿಸ್ಕ್ ಹೊಂದಿದರೆ, ಅಥವಾ ಒಂದೂ ಹೊಂದದಿದ್ದರೆ, ಸ್ಕ್ರಿಪ್ಟ್ ಏನನ್ನೂ ಮುಟ್ಟದೆ ಪಟ್ಟಿಯನ್ನು ಪರದೆಗೆ ಬರೆದು ನಿಲ್ಲುತ್ತದೆ. ಆಮೇಲೆ ನಾನೇ ಹೋಗಿ ನೋಡುತ್ತೇನೆ.