ಹಳೆಯ ಕ್ರಾಫ್ಟ್ಸ್‌ಮನ್ ಲೇತೋ, ರಾಕ್‌ವೆಲ್ ಡೆಲ್ಟಾ ಲೇತೋ?

ಅಮೆರಿಕದ ಗರಾಜ್ ಸೇಲ್‌ಗಳಲ್ಲಿ ಹೆಚ್ಚಾಗಿ ಕಣ್ಣಿಗೆ ಬೀಳುವ ಹಳೆಯ, ಮರ ಕಡೆಯುವ ಲೇತ್‌ಗಳಲ್ಲಿ (ಮರವನ್ನು ತಿರುಗಿಸುತ್ತಾ ಉಳಿಯಿಂದ ಕೆತ್ತುವ ಯಂತ್ರ) ಇವೆರಡೂ ಇವೆ. ಬಣ್ಣ ನೋಡಿ ಮರುಳಾಗಬೇಡಿ, ಮರವನ್ನು ತಿರುಗಿಸುವ ತಿರುಪಿನ ದಂಡ, ಅಂದರೆ ಸ್ಪಿಂಡಲ್ ಅಳೆಯಿರಿ.

ಕ್ರಾಫ್ಟ್ಸ್‌ಮನ್ ಆಗ ಸಿಯರ್ಸ್ ಎಂಬ ಅಂಗಡಿ ಸರಣಿಯ ಹೆಸರಾಗಿತ್ತಷ್ಟೇ; ತಯಾರಿಸಿದ್ದು ಬೇರೆಯವರು. ಜಾತಕ ಇರುವುದು ತಗಡಿನ ಪಟ್ಟಿಯ ಮೇಲಿನ ಮಾದರಿ ಸಂಖ್ಯೆಯ ಮೊದಲ ಮೂರು ಅಂಕಿಗಳಲ್ಲಿ: 101 ಎಂದರೆ ಅಟ್ಲಾಸ್, 103 ಎಂದರೆ ಕಿಂಗ್-ಸೀಲಿ, 113 ಎಂದರೆ ಎಮರ್ಸನ್. ಬಿಡಿಭಾಗ ಹುಡುಕುವಾಗ ಪೂರ್ತಿ ಸಂಖ್ಯೆಯನ್ನೇ ಕೊಡಿ. ಒಂದೇ ಕೊಳವೆಯ ಬೆಡ್ (ಯಂತ್ರದ ಭಾಗಗಳನ್ನು ಹೊರುವ ಉದ್ದನೆಯ ಅಡಿಪಾಯ) ಇರುವ 113ರ ಸ್ಪಿಂಡಲ್ ಮುಕ್ಕಾಲು ಇಂಚು, ಇಂಚಿಗೆ 16 ತಿರುಪಿನ ಎಳೆ.

ರಾಕ್‌ವೆಲ್ 1945ರಲ್ಲಿ ಡೆಲ್ಟಾವನ್ನು ಕೊಂಡಿತು, ಆದ್ದರಿಂದ ಪಟ್ಟಿಯಲ್ಲಿ ಎರಡೂ ಹೆಸರು ಕಾಣಬಹುದು. ಇದರ 46-111 ಮಾದರಿಗೆ ಎರಕದ ಕಬ್ಬಿಣದ ಭಾರಿ ಬೆಡ್. ಸ್ಪಿಂಡಲ್ ಒಂದು ಇಂಚು, 8 ಎಳೆ, ಒಳಗೆ 2ನೇ ಮೋರ್ಸ್ ಟೇಪರ್ (ಉಪಕರಣ ಬಿಗಿಯಾಗಿ ಕೂರುವ ಇಳಿಜಾರಿನ ರಂಧ್ರದ ಒಂದು ಪ್ರಮಾಣಿತ ಅಳತೆ). ಇಂದಿಗೂ ಮರವನ್ನು ಸ್ಪಿಂಡಲ್‌ಗೆ ಹಿಡಿಸುವ ಚಕ್, ಫೇಸ್‌ಪ್ಲೇಟ್ ತಯಾರಕರು ಈ ಅಳತೆಯನ್ನು ಕೈಬಿಟ್ಟಿಲ್ಲ. ನನ್ನ ಮಟ್ಟಿಗೆ ಇಷ್ಟಕ್ಕೇ ಇದು ಗೆದ್ದಂತೆ. ಸಾಗಿಸಲು ಮಾತ್ರ ಇಬ್ಬರು ಗಟ್ಟಿಯಾಳುಗಳು ಬೇಕು.

ಬೇರಿಂಗ್, ಬೆಲ್ಟ್ ಎರಡೂ ಲೇತ್‌ಗಳಲ್ಲಿ ತಲೆನೋವಲ್ಲ. ಬೇರಿಂಗ್ ಮೇಲೆ ಕೊರೆದ ಸಂಖ್ಯೆ ಹಿಡಿದು ಹೋದರೆ ಯಾವ ಬೇರಿಂಗ್ ಅಂಗಡಿಯಲ್ಲೂ ವಿಚಾರಿಸಬಹುದು. ಕೈಗೆ ಸಿಗದವು ಟೂಲ್ ರೆಸ್ಟ್‌ನ (ಉಳಿಗೆ ಆಸರೆ) ಬ್ಯಾಂಜೊ, ಅಂದರೆ ಅದನ್ನು ಬೆಡ್‌ಗೆ ಹಿಡಿಸುವ ಬುಡ, ಮರದ ಇನ್ನೊಂದು ತುದಿಯನ್ನು ಹಿಡಿಯುವ ಟೇಲ್‌ಸ್ಟಾಕ್, ಅದರ ಲಾಕ್ ಹಿಡಿ. ಇವು ಕಾಣೆಯಾಗಿದ್ದರೆ ಅರ್ಧ ಬೆಲೆಗೆ ಕೊಟ್ಟರೂ ಬೇಡ. ರಾಕ್‌ವೆಲ್‌ನಲ್ಲಿ ವೇಗ ಬದಲಿಸುವ ರೀವ್ಸ್ ಪುಲಿಯಿದ್ದರೆ ಚಾಲೂ ಮಾಡಿಸಿ ಸದ್ದು ಕೇಳಿ. ಆ ಪುಲಿ ಬಿರುಕು ಬಿಟ್ಟಿದ್ದರೆ ಬೆಲ್ಟನ್ನು ಕೈಯಿಂದ ಸರಿಸಿ ವೇಗ ಬದಲಿಸುವ ಮೆಟ್ಟಿಲು ಪುಲಿಯ ಮಾದರಿಗೇ ಕಾಯಿರಿ. ಆಗಾಗ ಪೆನ್ನು, ಲಟ್ಟಣಿಗೆ ಕಡೆಯುವವರಿಗೆ ಅಗ್ಗದ 113 ಸಾಕು.