ಜರ್ಮನಿಯಲ್ಲಿ ಹಳೆಯ ಬಾಡಿಗೆದಾರರಿಂದ ಅಡುಗೆಮನೆ ಕೊಳ್ಳುವ ಮುಂಚೆ ಇದನ್ನು ಓದಿ

ಜರ್ಮನಿಗೆ ಹೊಸದಾಗಿ ಬರುತ್ತಿರುವ, ಅದರಲ್ಲೂ ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಬರುತ್ತಿರುವ ನಮ್ಮವರಿಗೆ ಇದನ್ನು ಬರೆಯುತ್ತಿದ್ದೇನೆ. ಮ್ಯೂನಿಕ್‌ನಲ್ಲಿ ನಾವು 2,800 ಯೂರೋ ಕೊಟ್ಟು ಒಂದು ಬಾಡಿಗೆ ಮನೆಯ ಅಡುಗೆಮನೆ, ಅಂದರೆ ಅದರ ಕಪಾಟು, ಸಿಂಕು, ಒಲೆ, ಫ್ರಿಜ್ಜು ಎಲ್ಲ ಕೊಂಡೆವು. ಕೀಲಿ ಕೈಗೆ ಬಂದ ದಿನ ನೋಡಿದರೆ ಅದರಲ್ಲಿ ಅರ್ಧ ಇರಲಿಲ್ಲ.

ಅಡುಗೆಮನೆ ಕೊಳ್ಳೋದಾ ಅಂತ ನಮಗೂ ಅನ್ನಿಸಿತ್ತು. ಮೈಸೂರಿನಲ್ಲಿ ಬಾಡಿಗೆ ಮನೆಯೆಂದರೆ ಕಟ್ಟೆ, ಸಿಂಕು, ನಲ್ಲಿ ಇದ್ದೇ ಇರುತ್ತದೆ. ಒಲೆ, ಸಿಲಿಂಡರ್ ಇಟ್ಟರೆ ಸಂಜೆಗೆ ಅನ್ನ ಸಾರು ಆಗುತ್ತದೆ. ಇಲ್ಲಿ ಎಷ್ಟೋ ಮನೆಗಳಲ್ಲಿ ಅಡುಗೆ ಕೋಣೆ ಅಂದರೆ ಬರೀ ನಾಲ್ಕು ಗೋಡೆ. ನೀರಿನ ಪೈಪು, ಒಲೆಗೆ ಒಂದು ದಪ್ಪ ವೈರು, ಅಷ್ಟೇ. ಲೈಟುಗಳೂ ಇರುವುದಿಲ್ಲ, ಸೀಲಿಂಗಿನಿಂದ ವೈರು ನೇತಾಡುತ್ತಿರುತ್ತದೆ. ಇದ್ದವರು ಹೋಗುವಾಗ ಎಲ್ಲ ಬಿಚ್ಚಿಕೊಂಡು ಹೋಗುತ್ತಾರೆ, ಇಲ್ಲವೇ ಮುಂದೆ ಬರುವವರಿಗೆ ಮಾರುತ್ತಾರೆ. ಆ ಹಣಕ್ಕೆ ‘ಆಬ್ಲ್ಯೋಸೆ’ ಅನ್ನುತ್ತಾರೆ. ಜಾಹೀರಾತಿನಲ್ಲಿ ‘ಇಬಿಕೆ’ ಎಂದಿದ್ದರೆ ಅಡುಗೆಮನೆ ಜೋಡಿಸಿದೆ ಎಂದರ್ಥ. ಆದರೆ ಅದು ಮಾಲೀಕರದೋ, ಹಳೆಯ ಬಾಡಿಗೆದಾರರದೋ? ನಾವು ಕೇಳಲೇ ಇಲ್ಲ.

ಮನೆ ನೋಡಲು ಹೋದಾಗ ಅಲ್ಲಿದ್ದಾಕೆ ಕಾಫಿ ಕೊಟ್ಟು ಚೆನ್ನಾಗಿ ಮಾತಾಡಿಸಿದರು. ಫ್ರಿಜ್ಜು, ಪಾತ್ರೆ ತೊಳೆಯುವ ಮಷೀನು, ಓವನ್ ಎಲ್ಲ ಜಾಗದಲ್ಲೇ ಇದ್ದವು. ‘ಇನ್ನೂ ಮೂರು ಜನ ಕಾಯುತ್ತಿದ್ದಾರೆ, ಅಡುಗೆಮನೆ ತಗೊಂಡರೆ ಮಾಲೀಕರಿಗೆ ನಿಮ್ಮ ಹೆಸರೇ ಹೇಳುತ್ತೇನೆ’ ಅಂದರು. ನಮ್ಮ ತಾತ್ಕಾಲಿಕ ಮನೆ ಬಿಡಲು ಹನ್ನೆರಡು ದಿನ ಉಳಿದಿತ್ತು. ಮಗುವಿಗೆ ನಾಲ್ಕು ವರ್ಷ. ಎರಡು ಸಲ ಎಟಿಎಂಗೆ ಹೋಗಿ ಪೂರ್ತಿ ಹಣ ನಗದಾಗಿ ಕೊಟ್ಟೆವು. ಒಂದು ರಸೀದಿಯೂ ಬರೆಸಿಕೊಳ್ಳಲಿಲ್ಲ.

ಕೀಲಿ ಪಡೆದು ಬಾಗಿಲು ತೆಗೆದರೆ ಫ್ರಿಜ್ಜಿನ ಜಾಗ ಖಾಲಿ. ಮಷೀನು ಇದ್ದಲ್ಲಿ ಬಾಯಿ ತೆರೆದ ಪೈಪು. ಸಿಂಕಿನ ಕೆಳಗೆ ಹಲಗೆ ನೀರು ಕುಡಿದು ಉಬ್ಬಿತ್ತು. ಒಲೆಯ ನಾಲ್ಕು ಬರ್ನರಿನಲ್ಲಿ ಒಂದು ಮಾತ್ರ ಬಿಸಿಯಾಗುತ್ತಿತ್ತು. ಫೋನ್ ಮಾಡಿದರೆ ಆಕೆ, ‘ನಾನು ಮಾರಿದ್ದು ಕಪಾಟುಗಳನ್ನು’ ಅಂದರು. ಮತ್ತೆ ಫೋನ್ ಎತ್ತಲಿಲ್ಲ. ಮಾಲೀಕರು ಇದು ನಿಮ್ಮಿಬ್ಬರ ವ್ಯವಹಾರ ಅಂದುಬಿಟ್ಟರು. ಜೊತೆಗೆ ಇನ್ನೊಂದು ಮಾತು ಹೇಳಿದರು: ಅಡುಗೆಮನೆ ಈಗ ನಿಮ್ಮದು, ಬಿಡುವಾಗ ಎಲ್ಲ ಕಿತ್ತು ಖಾಲಿ ಮಾಡಿ ಕೊಡಬೇಕು. ಅದನ್ನು ಕೇಳಿದಾಗ ನನಗೆ ನಿಜವಾಗಿ ಅಳು ಬಂತು.

ಮೂರು ವಾರ ಊರಿಂದ ತಂದ ರೈಸ್ ಕುಕ್ಕರ್‌ನಲ್ಲೇ ಅಡುಗೆ. ಪಾತ್ರೆ ತೊಳೆದದ್ದು ಬಚ್ಚಲಲ್ಲಿ. ಹೊಸ ಒಲೆ ತಂದರೂ ನಾವೇ ಜೋಡಿಸುವ ಹಾಗಿರಲಿಲ್ಲ. ಇಲ್ಲಿ ಕರೆಂಟಿನ ಒಲೆಗೆ ಸಾಮಾನ್ಯವಾಗಿ 400 ವೋಲ್ಟಿನ ಮೂರು ಫೇಸ್ ಸಂಪರ್ಕ. ಎಲೆಕ್ಟ್ರಿಷಿಯನ್ನೇ ಬರಬೇಕು, ಅವರು ಸಿಗುವುದೇ ಕಷ್ಟ.

ಆಮೇಲೆ ಬಾಡಿಗೆದಾರರ ಸಂಘಕ್ಕೆ ಹೋದೆವು. ‘ಮೀಟರ್‌ಫೆರೈನ್’ ಅನ್ನುತ್ತಾರೆ, ಚಂದಾ ಕಟ್ಟಿ ಸದಸ್ಯರಾದರೆ ಸಲಹೆ ಕೊಡುತ್ತಾರೆ. ಕೇಳಿದ ಬೆಲೆ ವಸ್ತುವಿನ ನಿಜವಾದ ಬೆಲೆಗಿಂತ ಶೇ. 50ಕ್ಕೂ ಜಾಸ್ತಿ ಇದ್ದರೆ ಆ ಮಿತಿ ದಾಟಿದಷ್ಟು ಹಣ ವಾಪಸ್ ಕೇಳಬಹುದು, ಕಾನೂನು ಬಾಡಿಗೆದಾರರ ಪರವಾಗಿದೆ ಎಂದು ಅಲ್ಲೇ ಗೊತ್ತಾಯಿತು. ಆದರೆ ಏನು ಕೊಂಡೆವು, ಎಷ್ಟು ಕೊಟ್ಟೆವು ಎನ್ನುವುದಕ್ಕೆ ನಮ್ಮ ಹತ್ತಿರ ಒಂದು ಚೂರು ಕಾಗದ ಇರಲಿಲ್ಲ. ಮುಂಗಡ ಠೇವಣಿಯನ್ನು ಮೂರು ತಿಂಗಳ ಕಂತಿನಲ್ಲಿ ಕಟ್ಟುವ ಹಕ್ಕೂ ಇತ್ತಂತೆ. ನಾವು ಒಂದೇ ಸಲ ಕಟ್ಟಿ ಕೈ ಖಾಲಿ ಮಾಡಿಕೊಂಡಿದ್ದೆವು.

ದಯವಿಟ್ಟು ಹೀಗೆ ಮಾಡಿ. ಒಂದೊಂದು ವಸ್ತುವಿನ ಹೆಸರು, ಕಂಪನಿ, ಎಷ್ಟು ವರ್ಷ ಹಳೆಯದು, ಬೆಲೆ, ಎಲ್ಲ ಬರೆದು ಇಬ್ಬರೂ ಸಹಿ ಹಾಕಿ. ಒಲೆ ಹಚ್ಚಿ, ನಲ್ಲಿ ತಿರುಗಿಸಿ, ಫ್ರಿಜ್ಜಿನೊಳಗೆ ಕೈಯಿಟ್ಟು ನೋಡಿ. ನಾಚಿಕೆ ಬೇಡ, ಫೋಟೋ ತೆಗೆಯಿರಿ. ಬಾಡಿಗೆ ಕರಾರಿಗೆ ಮಾಲೀಕರ ಸಹಿ ಬೀಳುವ ತನಕ ಒಂದು ಯೂರೋನೂ ಕೊಡಬೇಡಿ, ಕೊಟ್ಟರೂ ಬ್ಯಾಂಕಿನ ಮೂಲಕವೇ ಕೊಡಿ. ಬಿಡುವಾಗ ಅಡುಗೆಮನೆ ಕೀಳಬೇಕಾ, ಮುಂದಿನವರಿಗೆ ಮಾರಬಹುದಾ ಎಂದು ಮಾಲೀಕರಿಂದ ಬರಹದಲ್ಲಿ ಕೇಳಿಕೊಳ್ಳಿ.

ಸೋಫಾ ವಿಷಯವನ್ನೂ ಹೇಳಿಬಿಡುತ್ತೇನೆ. ಆನ್‌ಲೈನ್ ಆರ್ಡರ್‌ನಲ್ಲಿ ‘ಫ್ರೈ ಬೋರ್ಡ್‌ಸ್ಟೈನ್‌ಕಾಂಟೆ’ ಅಂತ ಇದ್ದರೆ ರಸ್ತೆ ಬದಿವರೆಗೆ ಮಾತ್ರ ತಂದು ಕೊಡುತ್ತಾರೆ. ನಮ್ಮದು ಲಿಫ್ಟಿಲ್ಲದ ನಾಲ್ಕನೇ ಮಹಡಿ. ಮಳೆಯಲ್ಲಿ ಸೋಫಾ ಇಳಿಸಿ ಲಾರಿ ಹೊರಟೇ ಹೋಯಿತು. ಪಕ್ಕದ ಮನೆಯ ಅಜ್ಜ ಹೋಗಿ ಇಬ್ಬರು ಹುಡುಗರನ್ನು ಕರೆತಂದು ಹೊರಿಸಿದರು, ಅವರ ಉಪಕಾರ ಮರೆಯಲಾರೆ.

ನಿಮ್ಮ ಕೈಯಲ್ಲಿ ಅಡುಗೆಮನೆಯದೋ ಬಾಡಿಗೆಯದೋ ಕರಾರು ಪತ್ರ ಇದ್ದು ಜರ್ಮನ್ ಅರ್ಥವಾಗದಿದ್ದರೆ, ಸಹಿ ಹಾಕುವ ಮುಂಚೆ ನನಗೆ ಕಳಿಸಿ. ರಾತ್ರಿ ಮಗು ಮಲಗಿದ ಮೇಲೆ ಕೂತು ಓದಿ ಹೇಳುತ್ತೇನೆ.